ಹೆಡ್‌ಸೆಟ್ ಎಸೆಯುವ ಮುನ್ನ: ಪಾಠ ಓದಿ ಕಳಿಸುವ ಬಳಗಕ್ಕೆ ಒಂದು ಬಹಿರಂಗ ಪತ್ರ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಕಡೆಯ ಮನೆಗಳಲ್ಲಿ ಕೂತು ಕಣ್ಣು ಕಾಣದ ಮಕ್ಕಳಿಗಾಗಿ ಪಾಠ ಓದಿ ರೆಕಾರ್ಡ್ ಮಾಡುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿವೃತ್ತ ಮೇಷ್ಟ್ರುಗಳೇ, ಮೇಡಂಗಳೇ,

ನೀವು ಕಳಿಸುವ ಫೈಲುಗಳನ್ನು ಕೇಳಿ, ಕತ್ತರಿಸಿ, ಅಧ್ಯಾಯವಾರು ಜೋಡಿಸುವ ಕೆಲಸ ನನ್ನದು ಎಂಬುದು ನಿಮಗೆ ಗೊತ್ತು. ಇತ್ತೀಚೆಗೆ ಬಂದ ಫೈಲುಗಳಲ್ಲಿ ಕೆಲವು ಪೂರ್ತಿ ಖಾಲಿ. ಹೆಸರು ಸರಿಯಾಗಿದೆ, ಅಧ್ಯಾಯದ ಸಂಖ್ಯೆ ಇದೆ, ಉದ್ದ ಮುಕ್ಕಾಲು ಗಂಟೆ. ತೆರೆದು ನೋಡಿದರೆ ಈ ತುದಿಯಿಂದ ಆ ತುದಿಗೆ ಒಂದೇ ನೆಟ್ಟನೆ ಗೆರೆ, ಒಂದು ಉಸಿರಿನ ಸದ್ದೂ ಇಲ್ಲ. ಇನ್ನು ಕೆಲವದರಲ್ಲಿ ದನಿ ಇದೆ, ಆದರೆ ಪಕ್ಕದ ಕೋಣೆಯಲ್ಲಿ ಯಾರೋ ಓದುತ್ತಿದ್ದಾರೆ, ಇಲ್ಲಿ ಫ್ಯಾನು ತಿರುಗುತ್ತಿದೆ ಅನ್ನುವ ಹಾಗಿದೆ. ಫೋನ್ ಮಾಡಿ ಹೇಳಿದಾಗ ನಿಮ್ಮಲ್ಲಿ ಬಹುತೇಕ ಎಲ್ಲರೂ ಕೊಟ್ಟ ಉತ್ತರ ಒಂದೇ: “ಹೆಡ್‌ಸೆಟ್ ಕೆಟ್ಟೋಗಿದೆ ಅನ್ಸತ್ತೆ, ಹೊಸದು ತಗೊಂಡು ಮತ್ತೆ ಓದಿ ಕಳಿಸ್ತೀನಿ.”

ಆ ಹೊಸದನ್ನು ತಗೊಳ್ಳಬೇಡಿ ಎಂದು ಹೇಳಲಿಕ್ಕೇ ಈ ಪತ್ರ. ಹತ್ತರಲ್ಲಿ ಎಂಟು ಸಲ ಹೆಡ್‌ಸೆಟ್ ಕೆಟ್ಟಿರುವುದಿಲ್ಲ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ನಿಮ್ಮ ಬಾಯಿಂದ ಹೊರಟ ಮಾತು ಫೈಲಿಗೆ ಬಂದು ಬೀಳುವ ದಾರಿಯಲ್ಲಿ ಎಲ್ಲೋ ಒಂದು ಕಡೆ ತಡೆ ಇರುತ್ತದೆ. ಸಂಪಿನಲ್ಲಿ ನೀರಿದೆ, ನಲ್ಲಿಯಲ್ಲಿ ಬರುತ್ತಿಲ್ಲ ಅಂದರೆ ಯಾರೂ ನೇರವಾಗಿ ಹೊಸ ನಲ್ಲಿ ಕೊಳ್ಳುವುದಿಲ್ಲ. ಮೋಟಾರು, ವಾಲ್ವು, ಟ್ಯಾಂಕು ಎಂದು ಒಂದೊಂದೇ ನೋಡಿಕೊಂಡು ಬರುತ್ತೇವೆ. ಇಲ್ಲಿಯೂ ಅದನ್ನೇ ಮಾಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು. ಗಾಬರಿಯಲ್ಲಿ ಪಿನ್ನು ಬೇರೆ ತೂತಿಗೆ ಹಾಕಿ, ಸೆಟ್ಟಿಂಗ್ ಬದಲಿಸಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ಎಲ್ಲವನ್ನೂ ಒಟ್ಟಿಗೆ ಮಾಡಿದರೆ ಸರಿಹೋದರೂ ಯಾವುದರಿಂದ ಸರಿಹೋಯಿತು ಎಂದು ತಿಳಿಯುವುದಿಲ್ಲ. ಮುಂದಿನ ವಾರ ಅದೇ ತೊಂದರೆ ಮತ್ತೆ ಬರುತ್ತದೆ.

ಇಷ್ಟಕ್ಕೆಲ್ಲ ಪತ್ರ ಯಾಕೆ, ಕಂಪ್ಯೂಟರೇ ಕನ್ನಡ ಓದುತ್ತದಲ್ಲ ಎಂದು ಬಳಗಕ್ಕೆ ಹೊಸದಾಗಿ ಬಂದವರೊಬ್ಬರು ಕೇಳಿದರು. ಓದುತ್ತದೆ. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶದ ಜೊತೆಗೇ ಬರುವ ಇಸ್ಪೀಕ್ ದನಿಗೆ ಕನ್ನಡ ಬರುತ್ತದೆ, ಮಕ್ಕಳು ಅದನ್ನು ಬಳಸುತ್ತಲೂ ಇದ್ದಾರೆ. ಆದರೆ ಅದು ವಚನವನ್ನೂ ರೈಲಿನ ವೇಳಾಪಟ್ಟಿಯನ್ನೂ ಒಂದೇ ರಾಗದಲ್ಲಿ ಓದುತ್ತದೆ. ಹಳಗನ್ನಡದ ಪದ್ಯ ಕೊಟ್ಟರೆ ಎಲ್ಲಿ ಬಿಡಿಸಬೇಕು, ಎಲ್ಲಿ ಕೂಡಿಸಬೇಕು ಎಂಬುದೇ ಅದಕ್ಕೆ ತಿಳಿಯದು. ಅದಕ್ಕೇ ಮನುಷ್ಯರ ದನಿ ಬೇಕು. ನಮ್ಮ ಊರಿನಲ್ಲೇ ಎಚ್‌ಎಸ್‌ಆರ್ ಲೇಔಟಿನ ಮಿತ್ರಜ್ಯೋತಿಯಂಥ ಸಂಸ್ಥೆ ಬಹಳ ವರ್ಷಗಳಿಂದ ಮಾತನಾಡುವ ಪುಸ್ತಕಗಳನ್ನು ಮಾಡುತ್ತಾ ಬಂದಿದೆ. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿಯಾದ ಮೇಲೆ, ಅಂಗವಿಕಲರ ಸಲುವಾಗಿ ಲಾಭದ ಉದ್ದೇಶವಿಲ್ಲದೆ ಪುಸ್ತಕವನ್ನು ಬೇರೆ ರೂಪಕ್ಕೆ ತರಲು ಕಾನೂನಿನ ತೊಡಕೂ ಇಲ್ಲ. ಮುದ್ರಿತ ಪುಸ್ತಕ ಓದಲಾಗದವರಿಗಾಗಿ ಮರ್ರಕೇಶ್‌ನಲ್ಲಿ 2013ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದವನ್ನು 2014ರಲ್ಲಿ ಎಲ್ಲರಿಗಿಂತ ಮೊದಲು ಸ್ಥಿರೀಕರಿಸಿದ ದೇಶ ನಮ್ಮದೇ. ಕಾನೂನು ಇದೆ, ಓದುವ ಮನಸ್ಸಿದೆ. ಉಳಿದಿರುವುದು ಮೂರೂವರೆ ಮಿಲಿಮೀಟರಿನ ಒಂದು ಪಿನ್ನಿನ ತಕರಾರು.

ಆ ಪಿನ್ನಿನಿಂದಲೇ ಶುರು ಮಾಡೋಣ. ಕನ್ನಡಕ ಹಾಕಿಕೊಂಡು, ಹೆಡ್‌ಸೆಟ್ ವೈರಿನ ತುದಿಯನ್ನು ಬೆಳಕಿಗೆ ಹಿಡಿಯಿರಿ. ಹೊಳೆಯುವ ಲೋಹದ ಮೇಲೆ ಸಣ್ಣ ಕಪ್ಪು ಉಂಗುರಗಳು ಕಾಣುತ್ತವೆ. ಕೆಲವಲ್ಲಿ ಅವು ಬಿಳಿ. ಎರಡು ಉಂಗುರ ಇದ್ದರೆ ಪಿನ್ನು ಮೂರು ಭಾಗವಾಗಿದೆ: ಎಡಗಿವಿ, ಬಲಗಿವಿ, ಗ್ರೌಂಡು. ಅಂಥ ಪಿನ್ನು ಒಂದೇ ಇದ್ದರೆ ಅದು ಬರೀ ಕೇಳುವುದಕ್ಕೆ, ಮೈಕಿಗೆ ಅದರಲ್ಲಿ ಜಾಗವೇ ಇಲ್ಲ. ಮೂರು ಉಂಗುರ ಇದ್ದರೆ ನಾಲ್ಕು ಭಾಗ, ನಾಲ್ಕನೆಯದು ಮೈಕು. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ಸಾಮಾನ್ಯವಾಗಿ ಒಂದೇ ತೂತು, ಪಕ್ಕದಲ್ಲಿ ಹೆಡ್‌ಸೆಟ್ಟಿನ ಚಿತ್ರ. ಅದಕ್ಕೆ ಈ ನಾಲ್ಕು ಭಾಗದ ಪಿನ್ನೇ ಬೇಕು. ಹಳೆಯ ಮೊಬೈಲಿನ ಜೊತೆ ಬಂದ ಕೆಲವು ಹೆಡ್‌ಸೆಟ್‌ಗಳಲ್ಲಿ ಗ್ರೌಂಡು, ಮೈಕು ಅದಲುಬದಲಾಗಿರುತ್ತವೆ. ನೋಡಲು ಪಿನ್ನು ಅದೇ, ದನಿ ಮಾತ್ರ ಬಾರದು. ಡ್ರಾಯರಿನಲ್ಲಿ ಹತ್ತು ವರ್ಷದಿಂದ ಬಿದ್ದಿದ್ದನ್ನು ಹೊರತೆಗೆದವರು ಇದನ್ನು ಗಮನಿಸಿ.

ಮೇಜಿನ ಮೇಲೆ ದೊಡ್ಡ ಕಂಪ್ಯೂಟರ್ ಇಟ್ಟುಕೊಂಡವರ ಕತೆ ಬೇರೆ. ಅದರಲ್ಲಿ ಹಸಿರು ತೂತು ಕೇಳುವುದಕ್ಕೆ, ಗುಲಾಬಿ ತೂತು ಮೈಕಿಗೆ, ತಿಳಿನೀಲಿಯದು ಹೊರಗಿನ ಟೇಪ್ ರೆಕಾರ್ಡರಿನಂಥ ಸಾಧನಕ್ಕೆ. ಮೈಕ್ರೋಸಾಫ್ಟ್ ಮತ್ತು ಇಂಟೆಲ್ ಸೇರಿ ರೂಪಿಸಿದ ಪಿಸಿ 99 ಎಂಬ ಮಾರ್ಗಸೂಚಿಯಿಂದ ಬಂದ ಬಣ್ಣಗಳಿವು. ಮೊಬೈಲಿನ ಒಂಟಿ ಪಿನ್ನಿನ ಹೆಡ್‌ಸೆಟ್ಟನ್ನು ಹಸಿರಿಗೆ ಚುಚ್ಚಿದರೆ ಹಾಡು ಚೆನ್ನಾಗಿಯೇ ಕೇಳಿಸುತ್ತದೆ. “ಕೇಳಿಸ್ತಾ ಇದೆ, ಅಂದ್ಮೇಲೆ ಕನೆಕ್ಷನ್ ಸರಿ ಇದೆ” ಎಂದು ನಂಬಿ ನೀವು ಓದುತ್ತೀರಿ. ಮೈಕು ಮಾತ್ರ ಎಲ್ಲಿಗೂ ಸೇರಿರುವುದಿಲ್ಲ. ಇದಕ್ಕೆ ಬೇಕಾದದ್ದು ಒಂದು ವೈ ಆಕಾರದ ವೈರು: ಒಂದು ಕಡೆ ನಾಲ್ಕು ಭಾಗದ ಪಿನ್ನಿಗೆ ತೂತು, ಇನ್ನೊಂದು ಕಡೆ ಹಸಿರು, ಗುಲಾಬಿ ಎರಡು ಪಿನ್ನು. ಅಂಗಡಿಯಲ್ಲಿ ಬರೀ ಸ್ಪ್ಲಿಟರ್ ಎಂದು ಕೇಳಿದರೆ ಇಬ್ಬರು ಒಟ್ಟಿಗೆ ಹಾಡು ಕೇಳುವ ವೈರನ್ನು ಕೊಟ್ಟು ಕಳಿಸುತ್ತಾರೆ, ಅದರಿಂದ ಪ್ರಯೋಜನವಿಲ್ಲ. “ಹೆಡ್‌ಫೋನು, ಮೈಕು ಬೇರೆ ಮಾಡೋ ಸ್ಪ್ಲಿಟರ್” ಎಂದೇ ಕೇಳಿ.

ಗುಲಾಬಿಗೇ ಹಾಕಬೇಕು, ನೀಲಿಗೆ ಹಾಕಿದರೆ ಯಾಕೆ ಸದ್ದಿಲ್ಲ ಎಂದು ಕೆಂಗೇರಿಯ ಮೇಷ್ಟ್ರೊಬ್ಬರು ಕೇಳಿದ್ದರು. ಪ್ರಶ್ನೆ ಚೆನ್ನಾಗಿದೆ. ಹೆಡ್‌ಸೆಟ್ಟಿನೊಳಗೆ ಇರುವುದು ಎಲೆಕ್ಟ್ರೆಟ್ ಮೈಕು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1962ರಲ್ಲಿ ಜೇಮ್ಸ್ ವೆಸ್ಟ್ ಮತ್ತು ಗೆರ್‌ಹಾರ್ಡ್ ಸೆಸ್ಲರ್ ರೂಪಿಸಿದ ಜಾತಿಯದು. ಕಾಳಿನಷ್ಟು ಚಿಕ್ಕದು, ಅಗ್ಗ, ಆದ್ದರಿಂದಲೇ ಫೋನಿನಿಂದ ಹಿಡಿದು ಕಿವಿಯ ಯಂತ್ರದವರೆಗೆ ಎಲ್ಲ ಕಡೆ ಹೊಕ್ಕಿತು. ಅದರ ಒಳಗಿನ ಪುಟ್ಟ ಟ್ರಾನ್ಸಿಸ್ಟರಿಗೆ ಒಂದೆರಡು ವೋಲ್ಟು ಕರೆಂಟು ಬೇಕು. ಆ ಕರೆಂಟನ್ನು ಗುಲಾಬಿ ತೂತು ವೈರಿನ ಮೂಲಕವೇ ಕೊಡುತ್ತದೆ, ನೀಲಿ ತೂತು ಕೊಡುವುದಿಲ್ಲ. ಊಟ ಸಿಗದ ಮೈಕು ಕೆಲಸ ಮಾಡುವುದಿಲ್ಲ, ಅಷ್ಟೇ.

ಇನ್ನೊಂದು ಮಾತು. ಸಿಪಿಯು ಡಬ್ಬಿಯ ಮುಂಭಾಗದಲ್ಲೂ ಎರಡು ತೂತು ಇರುತ್ತವೆ, ಬಗ್ಗದೆ ಕೈಗೆ ಸಿಗುತ್ತವೆ ಎಂದು ಎಲ್ಲರೂ ಅವನ್ನೇ ಬಳಸುತ್ತಾರೆ. ಅಸೆಂಬಲ್ ಮಾಡಿಸಿದ ಕಂಪ್ಯೂಟರಿನಲ್ಲಿ ಅಲ್ಲಿಂದ ಮದರ್‌ಬೋರ್ಡಿಗೆ ಹೋಗುವ ತೆಳ್ಳನೆ ಕೇಬಲ್ಲನ್ನು ಕೆಲವು ಸಲ ಸಿಕ್ಕಿಸಿಯೇ ಇರುವುದಿಲ್ಲ. ಒಮ್ಮೆ ಹಿಂಭಾಗದ ಗುಲಾಬಿಗೆ ಹಾಕಿ ನೋಡಿ. ಅಲ್ಲಿ ಕೆಲಸ ಮಾಡಿತೋ, ನಿಮ್ಮ ಹೆಡ್‌ಸೆಟ್ಟು ಗಟ್ಟಿಮುಟ್ಟಾಗಿದೆ.

ಪಿನ್ನು ಸರಿಯಾಗಿದ್ದೂ ದನಿ ಬರಲಿಲ್ಲವೆಂದರೆ ಮೊಬೈಲನ್ನು ಸಾಕ್ಷಿಗೆ ಕರೆಯಿರಿ. ಒಂಟಿ ಪಿನ್ನಿನ ಹೆಡ್‌ಸೆಟ್ ಆದರೆ ತೂತಿರುವ ಫೋನಿಗೆ ಸಿಕ್ಕಿಸಿ, ವಾಯ್ಸ್ ರೆಕಾರ್ಡರ್ ಒತ್ತಿ, ಮೈಕಿನ ಮೇಲಿನ ಸ್ಪಂಜನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಆಮೇಲೆ ಫೋನಿನ ಕೆಳತುದಿಯನ್ನು ಕೆರೆಯಿರಿ. ತಿರುಗಿಸಿ ಕೇಳಿದಾಗ ಮೊದಲಿನ ಕೆರೆತ ಜೋರಾಗಿದ್ದರೆ ಹೆಡ್‌ಸೆಟ್ ಮೈಕು ಬದುಕಿದೆ. ಎರಡನೆಯದು ಜೋರಾಗಿದ್ದರೆ ರೆಕಾರ್ಡ್ ಆಗಿದ್ದು ಫೋನಿನದೇ ಮೈಕಿನಲ್ಲಿ. ಇದೇ ಉಗುರಿನ ಪರೀಕ್ಷೆಯನ್ನು ಲ್ಯಾಪ್‌ಟಾಪಿನಲ್ಲೂ ಮಾಡಿ: ಒಮ್ಮೆ ಹೆಡ್‌ಸೆಟ್ಟಿನ ಸ್ಪಂಜು, ಒಮ್ಮೆ ಪರದೆಯ ಮೇಲಂಚು, ಒಮ್ಮೆ ಕೀಬೋರ್ಡಿನ ಪಕ್ಕ. ಪಕ್ಕದ ಕೋಣೆಯಿಂದ ಓದಿದಂತೆ ಬಂದ ಫೈಲುಗಳ ಗುಟ್ಟು ಇದೇ. ನೀವು ತಲೆಗೆ ಹೆಡ್‌ಸೆಟ್ ಹಾಕಿಕೊಂಡಿದ್ದಿರಿ, ಕಿವಿಗೆ ಸದ್ದೂ ಬರುತ್ತಿತ್ತು, ಆದರೆ ಕಂಪ್ಯೂಟರ್ ಕೇಳಿಸಿಕೊಳ್ಳುತ್ತಿದ್ದುದು ಪರದೆಯ ಮೇಲಿನ ತನ್ನದೇ ಮೈಕಿನಿಂದ. ಯುಎಸ್‌ಬಿ ಹೆಡ್‌ಸೆಟ್ ಇದ್ದವರಿಗೆ ಇದು ಹೆಚ್ಚು. ಅದರೊಳಗೆ ಅದರದೇ ಸೌಂಡ್ ಕಾರ್ಡು ಇರುತ್ತದೆ, ಹಾಗಾಗಿ ಕಂಪ್ಯೂಟರಿಗೆ ಅದೊಂದು ಬೇರೆಯೇ ಸಾಧನ. ಯಾವುದನ್ನು ಬಳಸಬೇಕೆಂದು ನೀವೇ ಆರಿಸಿ ಹೇಳಬೇಕು.

ಮ್ಯೂಟ್ ಗುಂಡಿಯ ವಿಷಯ ಉದ್ದ ಬರೆಯುವುದಿಲ್ಲ. ವೈರಿನ ಮೇಲೆ ಒಂದು ಇರಬಹುದು. ಕೆಲವು ಹೆಡ್‌ಸೆಟ್‌ಗಳಲ್ಲಿ ಮೈಕಿನ ಕಡ್ಡಿಯನ್ನು ಮೇಲಕ್ಕೆತ್ತಿದರೆ ತಾನೇ ಮ್ಯೂಟ್ ಆಗುತ್ತದೆ. ಲ್ಯಾಪ್‌ಟಾಪಿನ ಕೀಬೋರ್ಡಿನ ಮೇಲಿನ ಸಾಲಿನಲ್ಲಿ ಗೀಟು ಎಳೆದ ಮೈಕಿನ ಚಿತ್ರವಿರುವ ಕೀಲಿ ಇದ್ದು, ಅದರಲ್ಲಿ ಸಣ್ಣ ದೀಪ ಉರಿಯುತ್ತಿದ್ದರೆ ಮೈಕು ಬಂದ್. ಮೂರನ್ನೂ ನೋಡಿಬಿಡಿ.

ಈಗ ವಿಂಡೋಸ್. ನನ್ನ ಅನುಭವದಲ್ಲಿ ನೆಟ್ಟನೆ ಗೆರೆಯ ಫೈಲುಗಳ ಮುಖ್ಯ ಅಪರಾಧಿ ಇದು. 2018ರ ಏಪ್ರಿಲ್ ಅಪ್‌ಡೇಟಿನಿಂದ ವಿಂಡೋಸ್ 10ರಲ್ಲಿ ಮೈಕಿನ ಅನುಮತಿಯ ಕಾಯಿದೆ ಬಿಗಿಯಾಯಿತು. ನಿಮಗೆ ತಿಳಿಯದೆ ಯಾವ ತಂತ್ರಾಂಶವೂ ನಿಮ್ಮ ಮಾತು ಕದ್ದು ಕೇಳಬಾರದು ಎಂಬ ಒಳ್ಳೆಯ ಉದ್ದೇಶ. ಆದರೆ ಅನುಮತಿ ಇಲ್ಲದಾಗ ಅದು ಬಾಗಿಲು ಹಾಕಿದೆ ಎಂದು ಬಾಯಿಬಿಟ್ಟು ಹೇಳುವುದೇ ಅಪರೂಪ. ರೆಕಾರ್ಡಿಂಗ್ ಶುರುವಾಗುತ್ತದೆ, ಸಮಯದ ಅಂಕಿ ಓಡುತ್ತದೆ, ಒಳಗೆ ಹೋಗುವುದು ಮಾತ್ರ ಮೌನ. ಇದು ವಿಂಡೋಸ್ ಬರೆದವರ ಸೋಮಾರಿತನ ಎಂದೇ ನನ್ನ ತೀರ್ಮಾನ. ಒಂದು ಸಾಲಿನ ಎಚ್ಚರಿಕೆ ಹಾಕಿದ್ದರೆ ನಿಮ್ಮ ಗಂಟಲು ಉಳಿಯುತ್ತಿತ್ತು.

ವಿಂಡೋಸ್ 11 ಇದ್ದವರು ಸೆಟ್ಟಿಂಗ್ಸ್ ತೆರೆದು, ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿಗೆ ಹೋಗಿ, ಕೆಳಗಿಳಿದು ಮೈಕ್ರೋಫೋನ್ ಒತ್ತಿ. ಮೇಲಿನ ‘ಮೈಕ್ರೋಫೋನ್ ಆ್ಯಕ್ಸೆಸ್’ ಆನ್ ಇರಬೇಕು. ಅದರ ಕೆಳಗಿನದೂ ಆನ್ ಇರಬೇಕು. ಇನ್ನೂ ಕೆಳಗೆ, ಆ್ಯಪ್‌ಗಳ ಉದ್ದ ಪಟ್ಟಿ ಮುಗಿದ ಮೇಲೆ, ‘ಲೆಟ್ ಡೆಸ್ಕ್‌ಟಾಪ್ ಆ್ಯಪ್ಸ್ ಆ್ಯಕ್ಸೆಸ್ ಯುವರ್ ಮೈಕ್ರೋಫೋನ್’ ಎಂದು ಒಂದಿದೆ. ನಾವು ರೆಕಾರ್ಡಿಂಗಿಗೆ ಬಳಸುವ ಆಡಾಸಿಟಿಗೆ ಬೇಕಾದ್ದು ಅದು. ಪಟ್ಟಿಯಲ್ಲಿ ಆಡಾಸಿಟಿಯ ಹೆಸರು ಕಾಣದೆ ಹಲವರು ಅಲ್ಲಿಂದಲೇ ವಾಪಸಾಗಿದ್ದಾರೆ. ಹೆಸರು ಹುಡುಕಬೇಡಿ, ಕೊನೆಯ ಗುಂಡಿಯವರೆಗೆ ಇಳಿಯಿರಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತ ಮೇಲೆ ನಿಮ್ಮಲ್ಲಿ ಎಷ್ಟೋ ಜನ 11ಕ್ಕೆ ಬಂದಿದ್ದೀರಿ, ಹೊಸ ಲ್ಯಾಪ್‌ಟಾಪ್ ತಗೊಂಡಿದ್ದೀರಿ. ಮೊದಲು ಚೆನ್ನಾಗಿಯೇ ಇತ್ತಲ್ಲ ಅನ್ನುವವರು ಇದನ್ನೇ ಮೊದಲು ನೋಡಿ. ಮ್ಯಾಕ್ ಬಳಸುವ ಇಬ್ಬರು ಮೂವರಿಗೂ ಇದೇ ಮಾತು: ನಿಮ್ಮಲ್ಲಿಯೂ 2018ರ ಮೊಹಾವಿಯಿಂದ ಇಂಥದೇ ಅನುಮತಿ ಇದೆ, ಅಂದು ‘ಡೋಂಟ್ ಅಲೋ’ ಒತ್ತಿದ್ದರೆ ಇಂದಿಗೂ ಅದು ಹಾಗೇ ಇರುತ್ತದೆ.

ಮಗನದೋ ಸೊಸೆಯದೋ ಆಫೀಸ್ ಲ್ಯಾಪ್‌ಟಾಪಿನಲ್ಲಿ ಓದುವವರಿಗೆ ಒಂದು ಕಿವಿಮಾತು. ಅಲ್ಲಿ ಈ ಗುಂಡಿಗಳು ಬೂದು ಬಣ್ಣಕ್ಕೆ ತಿರುಗಿ ಅಲುಗಾಡದಿದ್ದರೆ ಅದು ಕಂಪನಿಯವರು ಹಾಕಿದ ಬೀಗ. ಅದನ್ನು ತೆಗೆಯಲು ಹೋಗಬೇಡಿ, ಅವರ ಕೆಲಸಕ್ಕೆ ಕುತ್ತು ತರಬೇಡಿ. ಬೇರೆ ಯಂತ್ರ ನೋಡಿಕೊಳ್ಳೋಣ.

ಅನುಮತಿ ಸಿಕ್ಕ ಮೇಲೆ ಸಿಸ್ಟಮ್, ಸೌಂಡ್, ಇನ್‌ಪುಟ್. ಅಲ್ಲಿ ನಿಮ್ಮ ಹೆಡ್‌ಸೆಟ್ಟಿನ ಹೆಸರು ಆರಿಸಿ, ಅದರ ಮೇಲೆ ಒತ್ತಿದರೆ ಒಳಗೆ ‘ಸ್ಟಾರ್ಟ್ ಟೆಸ್ಟ್’ ಎಂಬ ಗುಂಡಿ ಇದೆ. ಒತ್ತಿ, ಮಗ್ಗಿಯನ್ನೋ ಇನ್ನೇನನ್ನೋ ಹೇಳಿ, ನಿಲ್ಲಿಸಿ. ಎಷ್ಟು ಶೇಕಡಾ ದನಿ ಬಂತು ಎಂದು ಅದೇ ತಿಳಿಸುತ್ತದೆ. ಇಲ್ಲಿ ದನಿ ಬಂದು ಆಡಾಸಿಟಿಯಲ್ಲಿ ಬಾರದಿದ್ದರೆ ತೊಂದರೆ ಆಡಾಸಿಟಿಯ ಕಡೆಗಿದೆ. ಇಲ್ಲೇ ಬಾರದಿದ್ದರೆ ಆಡಾಸಿಟಿಯನ್ನು ಎಷ್ಟು ಸಲ ಇನ್‌ಸ್ಟಾಲ್ ಮಾಡಿದರೂ ವ್ಯರ್ಥ. ಪಿನ್ನು ಚುಚ್ಚಿದಾಗ ಯಾವ ಸಾಧನ ಹಾಕಿದಿರಿ ಎಂದು ಕೆಲವು ಯಂತ್ರಗಳು ಕೇಳುತ್ತವೆ. ಆಗ ‘ಹೆಡ್‌ಫೋನ್’ ಅಲ್ಲ, ‘ಹೆಡ್‌ಸೆಟ್’ ಎಂದು ಆರಿಸಿ. ಒಂದು ಆಯ್ಕೆ ತಪ್ಪಿದರೂ ಮೈಕು ಇಲ್ಲವೆಂದೇ ಅದು ತಿಳಿಯುತ್ತದೆ.

ಆಡಾಸಿಟಿಯದು ಒಂದು ಹಟ ಇದೆ. ತೆರೆದ ಹೊತ್ತಿನಲ್ಲಿ ಯಾವ ಸಾಧನಗಳಿದ್ದವೋ ಅವನ್ನಷ್ಟೇ ಅದು ಬಲ್ಲದು. ಆಮೇಲೆ ಹೆಡ್‌ಸೆಟ್ ಸಿಕ್ಕಿಸಿದರೆ ಪಟ್ಟಿಯಲ್ಲಿ ಬರುವುದೇ ಇಲ್ಲ. ಮೊದಲು ಹೆಡ್‌ಸೆಟ್ ಸಿಕ್ಕಿಸಿ, ಆಮೇಲೆ ಆಡಾಸಿಟಿ ತೆರೆಯಿರಿ. ಮರೆತಿದ್ದರೆ ಆಡಿಯೊ ಸೆಟಪ್‌ನಲ್ಲಿ ‘ರೀಸ್ಕ್ಯಾನ್ ಆಡಿಯೊ ಡಿವೈಸಸ್’ ಒತ್ತಿ. ಅಲ್ಲೇ ರೆಕಾರ್ಡಿಂಗ್ ಸಾಧನವಾಗಿ ಹೆಡ್‌ಸೆಟ್ಟನ್ನೂ, ಚಾನೆಲ್ಲುಗಳಲ್ಲಿ ‘ಮೋನೊ’ವನ್ನೂ ಆರಿಸಿ. ಸ್ಟೀರಿಯೊ ಹಾಕಿದ ಕೆಲವರ ಪಾಠ ಒಂದೇ ಕಿವಿಗೆ ಬಂದಿತ್ತು.

ಬ್ಲೂಟೂತ್ ಬೇಡ. ಮಕ್ಕಳು ಉಡುಗೊರೆ ಕೊಟ್ಟಿರಬಹುದು, ಬೆಲೆಬಾಳುವುದೂ ಇರಬಹುದು, ಆದರೂ ಬೇಡ. ಸಾಮಾನ್ಯ ಬ್ಲೂಟೂತ್ ಹೆಡ್‌ಸೆಟ್ಟು ಹಾಡು ಕೇಳಿಸುವಾಗ ಒಂದು ವಿಧಾನದಲ್ಲಿ ಕೆಲಸ ಮಾಡುತ್ತದೆ, ಮೈಕು ಆನ್ ಆದ ಕೂಡಲೇ ಫೋನ್ ಕರೆಯ ವಿಧಾನಕ್ಕೆ ಇಳಿಯುತ್ತದೆ. ಆಗ ದನಿಯನ್ನು ಸೆಕೆಂಡಿಗೆ 8,000 ಸಲ, ಹೆಚ್ಚೆಂದರೆ 16,000 ಸಲ ಮಾತ್ರ ಅಳೆಯುತ್ತದೆ. ಸಿಡಿಯಲ್ಲಿ ಅದು 44,100. ಎಂಟು ಸಾವಿರಕ್ಕೆ ಇಳಿದರೆ 4,000 ಹರ್ಟ್ಸಿನ ಮೇಲಿನ ಸದ್ದೆಲ್ಲ ಕತ್ತರಿಸಿ ಹೋಗುತ್ತದೆ, ಸಕಾರದ ಸೀಟಿ ಹೆಚ್ಚಾಗಿ ಇರುವುದೇ ಅಲ್ಲಿ. ಸ, ಶ, ಷ ಎಲ್ಲವೂ ಒಂದೇ ಮಸುಕು. ಕಿವಿಯಿಂದಲೇ ಕಾಗುಣಿತ ಕಲಿಯುವ ಮಗುವಿಗೆ ಅಂಥ ಪಾಠ ಕೊಡುವುದು ನ್ಯಾಯವಲ್ಲ.

ಇಷ್ಟೆಲ್ಲ ನೋಡಿದ ಮೇಲೂ ಬಾರದಿದ್ದರೆ ಕೊನೆಯ ಪರೀಕ್ಷೆ: ರೆಕಾರ್ಡ್ ಒತ್ತಿ, ಮಾತಾಡುತ್ತಾ, ಪಿನ್ನಿನ ಬುಡದಲ್ಲಿ ವೈರನ್ನು ಮೆಲ್ಲಗೆ ಅತ್ತಿತ್ತ ಬಗ್ಗಿಸಿ. ದನಿ ಬಂದು ಬಂದು ಹೋದರೆ ಒಳಗೆ ವೈರು ತುಂಡಾಗಿದೆ. ಆಗ ಮಾತ್ರ ಅಂಗಡಿಯ ಮಾತು. ರಾಜಾಜಿನಗರದವರು ಹಸಿರು ಮಾರ್ಗದ ಮೆಟ್ರೊ ಹತ್ತಿ ಕೃಷ್ಣರಾಜೇಂದ್ರ ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದರೆ ಇಂಥ ಅಂಗಡಿಗಳಿರುವ ಎಸ್‌.ಪಿ. ರಸ್ತೆ ನಡೆಯುವಷ್ಟು ದೂರ. ವಿಜಯನಗರ, ಕೆಂಗೇರಿಯವರು ಮೆಜೆಸ್ಟಿಕ್‌ನಲ್ಲಿ ನೇರಳೆಯಿಂದ ಹಸಿರಿಗೆ ಬದಲಿಸಬೇಕು. ಹಳೆಯ ಹೆಡ್‌ಸೆಟ್ಟನ್ನೂ ಜೊತೆಗೆ ಒಯ್ಯಿರಿ, ಪಿನ್ನು ಬದಲಿಸಿ ಬೆಸುಗೆ ಹಾಕುವವರು ಅಲ್ಲಿ ಇನ್ನೂ ಇದ್ದಾರೆ. ಹೊಸದೇ ಬೇಕೆಂದರೆ ವೈರಿರುವ ಯುಎಸ್‌ಬಿ ಹೆಡ್‌ಸೆಟ್ ಕೇಳಿ, ಪಿನ್ನು ತೂತುಗಳ ಈ ರಗಳೆಯೇ ಇರುವುದಿಲ್ಲ. ನಮ್ಮ ಬಳಗದ ಒಬ್ಬರಿಗೆ ಮನೆ ಹತ್ತಿರದ ಅಂಗಡಿಯವರೊಬ್ಬರು ಮದರ್‌ಬೋರ್ಡೇ ಹೋಗಿದೆ ಎಂದಿದ್ದರಂತೆ. ಆಗಿದ್ದು ಮೇಲೆ ಹೇಳಿದ ಪ್ರೈವೆಸಿಯ ಕೊನೆಯ ಗುಂಡಿ.

ಇನ್ನು ಮುಂದೆ ಒಂದು ನಿಯಮ ಇಟ್ಟುಕೊಳ್ಳೋಣ. ಓದಲು ಕೂತಾಗ ಸಮಯದ ಅಂಕಿಯನ್ನು ನಂಬಬೇಡಿ, ಗೆರೆಯನ್ನು ನೋಡಿ. ನೀವು ಮಾತಾಡಿದಾಗ ಅದು ಎದ್ದು, ಸುಮ್ಮನಾದಾಗ ಮಲಗಬೇಕು. ಮೊದಲು ಹತ್ತು ಸೆಕೆಂಡು ಓದಿ, ನಿಲ್ಲಿಸಿ, ಹಿಂದಕ್ಕೆ ಹಾಕಿ ಕೇಳಿ, ಆಮೇಲೆ ಪಾಠಕ್ಕೆ ಇಳಿಯಿರಿ. ಪ್ರತಿ ಪಾಠದ ನಡುವೆ ಒಮ್ಮೆಯಾದರೂ ಹಾಗೆ ಮಾಡಿ. ಕಸದ ಗಾಡಿಯ ಹಾಡು, ಕುಕ್ಕರಿನ ಕೂಗು, ಮಾಗಡಿ ರಸ್ತೆಯ ಹಾರ್ನು ಬಂದರೆ ಚಿಂತೆ ಬೇಡ, ಅವನ್ನು ಕತ್ತರಿಸುವುದು ನನಗೆ ಕಷ್ಟವಲ್ಲ. ಇಲ್ಲದ ದನಿಯನ್ನು ತುಂಬುವುದು ಮಾತ್ರ ನನ್ನಿಂದಾಗದು.

ಖಾಲಿ ಬಂದ ಪಾಠಗಳ ಪಟ್ಟಿಯನ್ನು ಬಳಗದ ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದೇನೆ. ನಿಮ್ಮ ಪಾಠ ಅದರಲ್ಲಿದ್ದರೆ ಪೂರ್ತಿ ಮತ್ತೆ ಓದಲು ಆತುರಪಡಬೇಡಿ. ಮೊದಲು ಹತ್ತು ಸೆಕೆಂಡಿನ ಒಂದು ಫೈಲು ಕಳಿಸಿ, ಜೊತೆಗೆ ನಿಮ್ಮ ಪಿನ್ನಿನ ಒಂದು ಫೋಟೊ ಕೂಡ. ದನಿ ಸರಿಯಾಗಿ ಬಂದಿದೆ ಎಂದು ನಾನು ಉತ್ತರ ಕೊಟ್ಟ ಮೇಲೆ ಓದಲು ಕೂರಿ. ಹತ್ತನೆಯ ತರಗತಿಯ ಪಾಠಗಳನ್ನು ಮೊದಲು ಮುಗಿಸಿಕೊಡಿ, ಮಕ್ಕಳ ಪರೀಕ್ಷೆ ಮುಂದಿದೆ.

ಇಂತಿ ನಿಮ್ಮ,
ಫೈಲು ಜೋಡಿಸುವವನು
ವಿಜಯನಗರ, ಬೆಂಗಳೂರು